ದೌಲಪ್ಪನ ಬಾಯಿಗೆ ಬಿದ್ದ ಫುಟ್‌ಬಾಲು

ನಮ್ಮ ಕಮಲಾಪುರದ ದೌಲಪ್ಪ ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದ್ದವನಲ್ಲ. ಆದರೂ ನಿಜಾಮರ ಕಾಲದ ಕಲಬುರಗಿಯಲ್ಲಿ ಫುಟ್‌ಬಾಲಿನ ವಿಷಯ ತಿಳಿಯಬೇಕಾದವರು ಆಡುವವರನ್ನು ಕೇಳುತ್ತಿರಲಿಲ್ಲ, ಮಾರುಕಟ್ಟೆಯಲ್ಲಿದ್ದ ಇವನ ಬಾಳೆಹಣ್ಣಿನ ಅಂಗಡಿಗೆ ಬರುತ್ತಿದ್ದರು. ಊರಲ್ಲಿ ತಮ್ಮಂದಿರು ತೋಟ ನೋಡಿಕೊಂಡು ಕೆಂಪು ಬಾಳೆಯ ಗೊನೆಗಳನ್ನು ಗಾಡಿಯಲ್ಲಿ ಕಳಿಸುತ್ತಿದ್ದರು. ಇವನು ಇಲ್ಲಿ ಕೂತು ಮಾರುತ್ತಿದ್ದ. ಮಾರುವುದಕ್ಕಿಂತ ಮಾತೇ ಹೆಚ್ಚು ಎಂದು ತಮ್ಮಂದಿರು ಗೊಣಗುತ್ತಿದ್ದರಂತೆ.

ಈ ಹುಚ್ಚು ಇವನಿಗೆ ಎಲ್ಲಿಂದ ಹತ್ತಿತು ಎಂದು ನಾನು ಊರಿನ ಹಿರಿಯರನ್ನು ಸುಮಾರು ಕೇಳಿದ್ದೇನೆ. ಮೈದಾನದಲ್ಲಿ ಹಣ್ಣು ಮಾರಲು ಹೋಗಿ ಹತ್ತಿಸಿಕೊಂಡ ಎಂದರು ಕೆಲವರು. ಬ್ರಹ್ಮಪುರ ಓಣಿಯ ಹುಡುಗರು ಬೀದಿಯಲ್ಲಿ ಆಡುವಾಗ ಚೆಂಡು ಬಂದು ಇವನ ಹಣ್ಣಿನ ರಾಶಿಯ ಮೇಲೆ ಬಿತ್ತು, ಅಪ್ಪಚ್ಚಿಯಾದ ಹಣ್ಣಿಗೆ ಯಾರು ಹೊಣೆ ಎಂದು ಇವನು ಚೆಂಡನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ, ಕೊನೆಗೆ ಆಟ ನೋಡಲು ಬಂದರೆ ಹಾರ ಹಾಕುತ್ತೇವೆ ಎಂದು ಹುಡುಗರು ಪುಸಲಾಯಿಸಿ ಕರೆದುಕೊಂಡು ಹೋದರು ಎಂದರು ಇನ್ನು ಕೆಲವರು. ನನಗೆ ಎರಡನೆಯದೇ ಖರೆ ಅನ್ನಿಸುತ್ತದೆ. ಯಾಕೆಂದರೆ ಅಂದಿನಿಂದ ಅವನು ಬ್ರಹ್ಮಪುರದ ತಂಡವನ್ನು ಬಿಟ್ಟು ಇನ್ನೊಂದನ್ನು ತನ್ನದೆನ್ನಲಿಲ್ಲ.

ಶುಕ್ರವಾರ ಕಚೇರಿಗಳಿಗೆ ರಜೆ. ಅಂದು ಮಧ್ಯಾಹ್ನ ಇಳಿದ ಮೇಲೆ ಕೋಟೆಯ ಬಳಿಯ ಬಯಲಿನಲ್ಲಿ ಆಟ. ಬ್ರಹ್ಮಪುರದವರಿಗೆ ಎದುರಾಳಿ ಎಂದರೆ ನೂಲಿನ ಗಿರಣಿಯ ತಂಡ. ಬ್ರಹ್ಮಪುರದವರು ಬರಿಗಾಲಲ್ಲಿ ಆಡುವವರು, ಗಿರಣಿಯವರು ಬೂಟು ಹಾಕಿಕೊಂಡು ಆಡುವವರು. ಬೂಟಷ್ಟೇ ಆಗಿದ್ದರೆ ದೌಲಪ್ಪ ಸಹಿಸಿಕೊಳ್ಳುತ್ತಿದ್ದ. ಆಟದ ನಡುವೆ ಅವರಿಗೆ ಸೋಡಾ ಬರುತ್ತಿತ್ತು, ಗೆದ್ದ ದಿನ ಬಿರಿಯಾನಿಯ ಹಂಡೆ ಬರುತ್ತಿತ್ತು, ಸೋತ ದಿನವೂ ಬರುತ್ತಿತ್ತು. ಸೋತವರಿಗೂ ಬಿರಿಯಾನಿ ಹಾಕಿದರೆ ಗೆಲ್ಲುವ ಚಿಂತೆ ಯಾರಿಗಿರುತ್ತದೆ ಎಂಬುದು ಅವನ ವಾದ. ಅದಕ್ಕಿಂತ ದೊಡ್ಡ ತಕರಾರು ಎಂದರೆ ಗಿರಣಿಯವರು ಯಾರಿಗೂ ಆಟ ಕಲಿಸುತ್ತಿರಲಿಲ್ಲ, ಕಲಿತವರಿಗೆ ನೌಕರಿಯ ಆಸೆ ತೋರಿಸಿ ಎತ್ತಿಕೊಂಡು ಹೋಗುತ್ತಿದ್ದರು. ಸೋಲಾಪುರದಿಂದ ಒಬ್ಬನನ್ನು ತಂದು ತೂಕದ ತಕ್ಕಡಿಯ ಪಕ್ಕ ಸುಮ್ಮನೆ ಕೂಡಿಸಿದ್ದರು. ಅವನು ನೂಲು ಮುಟ್ಟಿದ್ದನ್ನು ಕಂಡವರಿರಲಿಲ್ಲ. ಇದು ನೂಲು ತೆಗೆಯುವ ಗಿರಣಿಯೋ ಕಾಲು ಕೊಳ್ಳುವ ಗಿರಣಿಯೋ ಎಂದು ದೌಲಪ್ಪ ಗೊನೆ ಕೊಯ್ಯುವ ಕತ್ತಿ ಎತ್ತಿ ಕೇಳುತ್ತಿದ್ದ. ಗಿರಾಕಿಗಳು ನಗುತ್ತ ಹಿಂದೆ ಸರಿಯುತ್ತಿದ್ದರು.

ಹಾಗೆಂದು ತನ್ನವರನ್ನು ಬೈಯದೆ ಬಿಟ್ಟನೆಂದಲ್ಲ. ಬ್ರಹ್ಮಪುರದ ತಂಡ ನಡೆಸುತ್ತಿದ್ದವರು ಮುಕುಂದರಾವ್, ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಹುಡುಗರು ಸಾಲಾಗಿ ನಿಂತರೆ ಸಾಕು ಗೋಲು ತಾನಾಗಿ ಬೀಳುತ್ತದೆ ಎಂದು ನಂಬಿದವರು. ಯಾರಾದರೂ ಮನೆಗೆ ಬಂದು ಕೇಳಿಕೊಂಡರೆ ಅವರ ಮಗನನ್ನು ತಂಡಕ್ಕೆ ಹಾಕಿಬಿಡುತ್ತಿದ್ದರು. ಮುಕುಂದರಾವ್ ಒಳ್ಳೆಯ ಮನುಷ್ಯ, ಅದಕ್ಕೇ ತಂಡ ನಡೆಸಲು ಬಾರದವರು ಎಂದು ದೌಲಪ್ಪ ಅವರ ಎದುರಿಗೇ ಹೇಳಿದ್ದ. ಅವರು ಸಿಟ್ಟಾಗದೆ ಹಣ್ಣು ಕೊಂಡು ಹೋಗಿದ್ದರು.

ಇಂಥ ಮಾತು ಕೇಳಲು ದಿನಾ ಸಂಜೆ ಬರುತ್ತಿದ್ದವರಲ್ಲಿ ಪಾಂಡುರಂಗರಾವ್ ಎಂಬವರೂ ಒಬ್ಬರು. ಗಿರಣಿಯಲ್ಲಿ ದೊಡ್ಡ ಗುಮಾಸ್ತರು, ಗಿರಣಿಯ ತಂಡದ ಉಸ್ತುವಾರಿಯೂ ಅವರದೇ. ಒಂದು ಕೆಂಪು ಬಾಳೆಹಣ್ಣು ತೆಗೆದುಕೊಂಡು, ನಿಂತೇ ನಿಧಾನಕ್ಕೆ ತಿಂದು, ಸಿಪ್ಪೆಯನ್ನು ದನಕ್ಕೆ ಹಾಕಿ ಹೊರಡುತ್ತಿದ್ದರು. ದೌಲಪ್ಪ ಗಿರಣಿಯ ಜನ್ಮ ಜಾಲಾಡುತ್ತಿದ್ದರೂ ಎದುರಾಡುತ್ತಿರಲಿಲ್ಲ. ಅವರಿಗೆ ಉತ್ತರವಿಲ್ಲ ಎಂದುಕೊಂಡು ದೌಲಪ್ಪ ಇನ್ನಷ್ಟು ಏರುದನಿಯಲ್ಲಿ ಮಾತಾಡುತ್ತಿದ್ದ.

ಇನ್ನು ಮರೆಪ್ಪನ ವಿಷಯ. ಇವನು ದೌಲಪ್ಪನ ಅಕ್ಕ ಸೂಗಮ್ಮನ ಮಗ. ತಂದೆ ತೀರಿದ ಮೇಲೆ ಮಾವನ ಜೊತೆ ಕಲಬುರಗಿಯಲ್ಲೇ ಬೆಳೆದ. ಬ್ರಹ್ಮಪುರದ ತಂಡದಲ್ಲಿ ಮುಂದಿನ ಸಾಲಿನ ಆಟಗಾರ. ಓಡಲು ನಿಂತರೆ ಹಿಡಿಯುವವರಿರಲಿಲ್ಲ. ಸೋದರಳಿಯನೆಂದು ಹೊಗಳುತ್ತಾನೆ ಎಂಬ ಮಾತು ಬಂದೀತೆಂದು ದೌಲಪ್ಪ ಬೇರೆಯವರಿಗೆ ಬೈದದ್ದರ ಎರಡರಷ್ಟು ಇವನಿಗೆ ಬೈಯುತ್ತಿದ್ದ. ಮರೆಪ್ಪನಿಗೆ ಇರುವುದು ಬಲಗಾಲೊಂದೇ, ಎಡಗಾಲಿಗೆ ಚೆಂಡು ಬಂದರೆ ಹೇಳದೆ ಕೇಳದೆ ಮನೆಗೆ ಬಂದ ಬೀಗರನ್ನು ನೋಡಿದ ಹಾಗೆ ನೋಡುತ್ತಾನೆ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಗಿರಣಿಯವರಿಗೆ ಬುದ್ಧಿ ಇದ್ದರೆ ಮರೆಪ್ಪನಂಥವರನ್ನು ಬಿಟ್ಟು ನಮ್ಮ ಗೋಲು ಕಾಯುವ ತುಕಾರಾಮನನ್ನು ಹಿಡಿಯುತ್ತಿದ್ದರು, ಸದ್ಯ ಅವರಿಗೆ ಬುದ್ಧಿ ಇಲ್ಲ ಎಂದು ತೊಡೆ ತಟ್ಟಿ ನಗುತ್ತಿದ್ದ. ಮರೆಪ್ಪನೂ ಅಲ್ಲೇ ಗೊನೆ ಕಟ್ಟುತ್ತ ನಗುತ್ತಿದ್ದ.

ಮರೆಪ್ಪನಿಗೆ ಕಮಲಾಪುರದ ಗುರುಲಿಂಗಪ್ಪನ ಮಗಳು ಭಾಗಮ್ಮನನ್ನು ತರಬೇಕೆಂದು ಸೂಗಮ್ಮನಿಗೆ ಆಸೆ. ಗೊನೆ ತರಲು ಊರಿಗೆ ಹೋದಾಗಲೆಲ್ಲ ಮರೆಪ್ಪ ಅವಳನ್ನು ಕಂಡಿದ್ದ, ಅವಳೂ ಇವನನ್ನು ಕಂಡಿದ್ದಳು. ಒಬ್ಬರಿಗೊಬ್ಬರು ಮನಸ್ಸಿಗೆ ಬಂದಿದ್ದರು. ಆದರೆ ಗುರುಲಿಂಗಪ್ಪ ಒಪ್ಪಲಿಲ್ಲ. ಬಾಳೆಹಣ್ಣಿನ ಅಂಗಡಿ ಮಾವನದು, ಹುಡುಗನದು ಏನು ಎಂದು ಕೇಳಿದ. ಖಾಯಂ ನೌಕರಿ ಇದ್ದವನಿಗೆ ಮಾತ್ರ ಹೆಣ್ಣು ಕೊಡುವೆನೆಂದ. ಆ ವರ್ಷ ಸುಗ್ಗಿಯೊಳಗೆ ನೌಕರಿ ಸಿಗದಿದ್ದರೆ ಭಾಗಮ್ಮನನ್ನು ಚಿಂಚೋಳಿಯ ಕಡೆಗೆ ಕೊಡುವ ಮಾತು ನಡೆದಿತ್ತು.

ಹೀಗಿರುವಾಗ ಒಂದು ಸಂಜೆ ಮರೆಪ್ಪ ಓಡುತ್ತ ಅಂಗಡಿಗೆ ಬಂದ.

“ಮಾವಾ, ಗಿರಣಿಯವರು ನನ್ನನ್ನ ಬದ್ಲಿ ತಗೊಂಡಾರ,” ಎಂದ.

ಬದ್ಲಿ ಎಂದರೆ ಏನು ಎಂದು ದೌಲಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಹಸೀಲ್ದಾರರಿಗೆ ಊರಿಂದೂರಿಗೆ ಬದ್ಲಿ ಆಗುತ್ತಿತ್ತು, ಪೊಲೀಸ್ ಅಮೀನರಿಗೆ ಬದ್ಲಿ ಆಗುತ್ತಿತ್ತು. ಒಂದು ಊರಿನವರು ಹಾರ ಹಾಕಿ ಕಳಿಸುತ್ತಿದ್ದರು, ಇನ್ನೊಂದು ಊರಿನವರು ಹಾರ ಹಾಕಿ ಕರೆದುಕೊಳ್ಳುತ್ತಿದ್ದರು. ಕೂಲಿಯವನಿಗೆ ಯಾವತ್ತಾದರೂ ಬದ್ಲಿ ಆದದ್ದುಂಟೆ? ಬದ್ಲಿ ಆಗಬೇಕಾದರೆ ಮೊದಲು ಕೂಡಲು ಒಂದು ಖುರ್ಚಿ ಇರಬೇಕು. ಬ್ರಹ್ಮಪುರದ ತಂಡದಿಂದ ಗಿರಣಿಯ ತಂಡಕ್ಕೆ ಹುಡುಗನ ಬದ್ಲಿ ಆಗಿದೆ, ಜೊತೆಗೆ ನೌಕರಿಯೂ ಸಿಕ್ಕಿದೆ ಎಂದು ಅವನು ತಿಳಿದ.

ಆ ಸಂಜೆ ಅವನು ಗಿರಣಿಗೆ ಬೈದಷ್ಟು ಹಿಂದೆಂದೂ ಬೈದಿರಲಿಲ್ಲ. ಕಡೆಗೂ ನನ್ನ ಮನೆಗೇ ಕೈ ಹಾಕಿದರು ಎಂದು ಮಾರುಕಟ್ಟೆಗೆಲ್ಲ ಕೇಳುವ ಹಾಗೆ ಕೂಗಾಡಿದ. ಬೆಳಗಾಗುವಷ್ಟರಲ್ಲಿ ಸಿಟ್ಟು ಇಳಿದು ಎದೆ ಉಬ್ಬಿತ್ತು. ಖಾಲಿ ಗಾಡಿಯಲ್ಲಿ ಕೂತು ಕಮಲಾಪುರಕ್ಕೆ ಹೋಗಿ, ಹುಡುಗನಿಗೆ ಗಿರಣಿಗೆ ಬದ್ಲಿ ಆಗಿದೆ ಎಂದು ಗುರುಲಿಂಗಪ್ಪನಿಗೆ ಹೇಳಿದ. ಗುರುಲಿಂಗಪ್ಪನಿಗೂ ತಹಸೀಲ್ದಾರರೇ ನೆನಪಾದರು. ಎರಡೂ ಮನೆಯವರು ಕೂತು ತಾಂಬೂಲ ಬದಲಾಯಿಸಿಕೊಂಡರು.

ಮದುವೆಯ ತಯಾರಿ ನಡೆದಿರುವಾಗ ದೌಲಪ್ಪನಿಗೆ ಒಂದು ವಿಷಯ ವಿಚಿತ್ರವಾಗಿ ಕಂಡಿತು. ಗಿರಣಿಯ ಭೋಂಗಾ ಕೂಗುವ ಮೊದಲೇ ಮರೆಪ್ಪ ಮನೆ ಬಿಡುತ್ತಿದ್ದ. ಕೆಲವು ದಿನ ಸಂಜೆ ಬರುತ್ತಿದ್ದ, ಕೆಲವು ದಿನ ಹೊತ್ತೇರುವ ಮೊದಲೇ ಬಂದು ಗೊನೆ ಕಟ್ಟಲು ಕೂಡುತ್ತಿದ್ದ. ಇದೆಂಥ ನೌಕರಿ? ಆಟಗಾರನೆಂದು ಅರ್ಧ ದಿನಕ್ಕೇ ಬಿಡುತ್ತಾರೋ, ಅಥವಾ ಹುಡುಗ ಕೆಲಸ ತಪ್ಪಿಸುತ್ತಾನೋ? ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ದೌಲಪ್ಪನಿಗೆ ಕೇಳಿ ತಿಳಿಯುವುದಕ್ಕಿಂತ ಕಂಡು ತಿಳಿಯುವುದರಲ್ಲೇ ರುಚಿ. ಒಂದು ಬೆಳಗ್ಗೆ ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ ಹುಡುಗನ ಹಿಂದೆಯೇ ಹೋದ.

ಗಿರಣಿಯ ಬಾಗಿಲಲ್ಲಿ ಒಂದು ಗುಂಪು ಸರಸರನೆ ಒಳಗೆ ಹೋಗುತ್ತಿತ್ತು. ಇನ್ನೊಂದು ಗುಂಪು ಗೋಡೆಗೆ ಅಂಟಿಕೊಂಡು ನಿಂತಿತ್ತು. ಮರೆಪ್ಪ ಆ ನಿಂತವರಲ್ಲಿದ್ದ. ದೌಲಪ್ಪ ಕೊನೆಯಲ್ಲಿ ನಿಂತಿದ್ದ ಹಲೀಮಾ ಎಂಬ ಹೆಂಗಸನ್ನು, ನೀವೆಲ್ಲ ಒಳಗೆ ಹೋಗದೆ ಇಲ್ಲೇಕೆ ನಿಂತಿದ್ದೀರಿ ಎಂದು ಕೇಳಿದ.

“ನಾವು ಬದ್ಲಿ ಮಂದಿ, ಭಾಯಿ,” ಎಂದಳು ಅವಳು. “ಒಳಗಿನವರು ಯಾರರ ಬರ್ಲಿಲ್ಲಂದ್ರ ಅವರ ಬದ್ಲಿ ನಾವು. ಎಲ್ಲಾರೂ ಬಂದ್ರ ನಾವು ಮನಿಗಿ.”

ಸ್ವಲ್ಪ ಹೊತ್ತಿಗೆ ಕೆಲಸಗಾರರ ಮೇಲಿನ ಮುಕಾದಮ ಹೊರಗೆ ಬಂದು ಕೆಲವರತ್ತ ಬೆರಳು ತೋರಿಸಿ ಒಳಗೆ ಕರೆದ. ಬಾಗಿಲು ಮುಚ್ಚಿತು. ಉಳಿದವರು ಬುತ್ತಿ ಎತ್ತಿಕೊಂಡು ಚದುರಿದರು. ಮರೆಪ್ಪ ಮಾವನನ್ನು ಕಂಡು ಹತ್ತಿರ ಬಂದ. ಇವತ್ತು ಯಾರಿಗೂ ಜ್ವರ ಬಂದಿಲ್ಲ ನೋಡು ಎಂದು ನಗಲು ನೋಡಿದ, ಮಾವನಿಗೆ ಇದು ಗೊತ್ತೇ ಇರಲಿಲ್ಲವೆಂದು ಅವನ ಮುಖ ನೋಡಿ ಅರಿತ. ಮಾವನೇ ಊರ ತುಂಬ ಬದ್ಲಿ ಬದ್ಲಿ ಎಂದು ಹೇಳಿಕೊಂಡು ಬಂದದ್ದರಿಂದ ಎಲ್ಲರಿಗೂ ಗೊತ್ತಿದೆ ಎಂದೇ ಅವನು ತಿಳಿದಿದ್ದ. ಗುರುಲಿಂಗಪ್ಪ ಗೊತ್ತಿದ್ದೂ ಒಪ್ಪಿದನೆಂದು ಅವನಿಗೆ ಸಂತೋಷವಾಗಿತ್ತು.

ದೌಲಪ್ಪನಿಗೆ ಬದಲಾಯಿಸಿಕೊಂಡ ತಾಂಬೂಲ ನೆನಪಾಯಿತು. ಮದುವೆ ಮುರಿದರೆ ಹುಡುಗನ ಗತಿ ಏನು, ಅಕ್ಕನಿಗೆ ಏನು ಹೇಳುವುದು? ಅವನು ಮನೆಗೆ ಹೋಗದೆ ನೇರವಾಗಿ ಗಿರಣಿಯ ಕಚೇರಿಯಲ್ಲಿ ಪಾಂಡುರಂಗರಾಯರಿದ್ದ ಕೋಣೆಗೆ ಹೋದ. ಇಷ್ಟು ವರ್ಷ ತಾನು ಬೈದವರ ಮುಂದೆ ಕೈಮುಗಿದು ನಿಂತು, ಹುಡುಗನನ್ನು ಖಾಯಂ ಮಾಡಿಕೊಳ್ಳಿ ಎಂದು ಬೇಡಿಕೊಂಡ. ಪಾಂಡುರಂಗರಾವ್ ಅವನನ್ನು ಕೂಡಿಸಿದರು. ಆಟಗಾರನಿಗೆಂದು ಇದ್ದ ಖಾಯಂ ಜಾಗ ಒಂದೇ, ಅದನ್ನು ತುಕಾರಾಮನಿಗೆ ಕೊಡುವುದೆಂದು ಗೊತ್ತುಮಾಡಿದ್ದೇನೆ, ಇನ್ನೂ ಕರೆಸಿ ಹೇಳಿಲ್ಲ ಎಂದರು. ತುಕಾರಾಮನೇ ಯಾಕೆ, ನಿಮಗೆ ಯಾರು ಹೇಳಿದರು ಎಂದು ದೌಲಪ್ಪ ಕೇಳಿದ.

“ನೀನ ಹೇಳ್ದಿ,” ಎಂದರು ರಾಯರು. “ನಿನ್ನಷ್ಟು ಆಟ ತಿಳದವರು ಈ ಊರಾಗ ಯಾರದಾರ? ದಿನಾ ಸಂಜೀಕ ನಾ ಹಣ್ಣು ತಿನ್ನಾಕ ಬರ್ತಿದ್ದೆ ಅಂದ್ಕೊಂಡಿಯೇನು? ಮರೆಪ್ಪಗ ಎಡಗಾಲಿಲ್ಲ ಅಂದಿ, ಅವನ್ನ ಬದ್ಲಿ ಇಟ್ಟೆ. ತುಕಾರಾಮನ್ನ ಹಿಡೀಬೇಕು ಅಂದಿ, ಹಿಡದೆ.”

ರಾಯರು ಕೆಟ್ಟವರಲ್ಲ. ದೌಲಪ್ಪನ ಮುಖ ನೋಡಿ ಅವರಿಗೂ ಕೆಡುಕೆನಿಸಿರಬೇಕು. ಅವರು ಮುಂದಕ್ಕೆ ಬಾಗಿ, ಮರೆಪ್ಪನ ಬಗ್ಗೆ ನೀನು ಹೇಳಿದ್ದು ತಪ್ಪೆನ್ನುವುದಾದರೆ ಈಗಲೇ ಹೇಳು, ತುಕಾರಾಮನ ವಿಷಯ ಇನ್ನೊಮ್ಮೆ ವಿಚಾರ ಮಾಡೋಣ ಎಂದರು. ತಪ್ಪೆಂದು ಹೇಳಿಬಿಟ್ಟಿದ್ದರೆ ತುಕಾರಾಮ ಬ್ರಹ್ಮಪುರದಲ್ಲೇ ಉಳಿಯುತ್ತಿದ್ದ, ಅಳಿಯ ಖಾಯಂ ಆಗುತ್ತಿದ್ದ. ದೌಲಪ್ಪನಿಗೆ ಬೇಕಾದದ್ದು ಎರಡೂ ಒಂದೇ ಮಾತಿನಲ್ಲಿ ಸಿಗುತ್ತಿತ್ತು.

“ತಪ್ಪಲ್ರಿ, ರಾವ್‌ಸಾಹೇಬ್ರ,” ಎಂದ. “ಅವನಿಗಿ ಎಡಗಾಲಿಲ್ಲ.”

ಎದ್ದು ಹೊರಗೆ ಬಂದಾಗ ತನ್ನ ನಾಲಿಗೆಯನ್ನು ತಾನೇ ಕಿತ್ತುಕೊಳ್ಳಬೇಕು ಅನ್ನಿಸಿತಂತೆ. ಒಂದು ಸುಳ್ಳು ಹೇಳಲಾಗದಷ್ಟು ಏನಿತ್ತು ಆ ಆಟದಲ್ಲಿ? ಇದು ನನಗೂ ಪೂರ್ತಿ ತಿಳಿದಿಲ್ಲ. ಅವನಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಮರುದಿನದ ಗಾಡಿಯಲ್ಲೇ ಅವನು ಕಮಲಾಪುರಕ್ಕೆ ಹೋದ. ಗುರುಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ದೌಲಪ್ಪ ಕೆಳಗೇ ನಿಂತು, ಬದ್ಲಿ ಎಂದರೆ ತಾವಿಬ್ಬರೂ ತಿಳಿದ ಬದ್ಲಿಯಲ್ಲ ಎಂದು ಶುರುಮಾಡಿ, ಗೇಟಿನ ಬಳಿ ಕಂಡದ್ದು, ಪಾಂಡುರಂಗರಾಯರು ಕೇಳಿದ್ದು, ತಾನು ಹೇಳಿದ್ದು ಒಂದನ್ನೂ ಬಿಡದೆ ಹೇಳಿದ. ಹುಡುಗ ಮೋಸ ಮಾಡಿಲ್ಲ, ತಪ್ಪೆಲ್ಲ ನನ್ನದು, ತಾಂಬೂಲ ಹಿಂದಕ್ಕೆ ಕೊಡುವುದಾದರೆ ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದ. ಸಿಟ್ಟಿನಿಂದ ಗುರುಲಿಂಗಪ್ಪನ ಮುಖ ಕೆಂಪಾಗಿತ್ತು.

ಬಾಗಿಲ ಹಿಂದೆ ನಿಂತು ಕೇಳಿದ್ದ ಭಾಗಮ್ಮ ನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು. ಅದನ್ನು ದೌಲಪ್ಪನ ಕೈಗೆ ಕೊಟ್ಟು ಅಲ್ಲೇ ನಿಂತಳು.

“ಕಾಕಾ, ಒಂದ ಸುಳ್ಳು ಹೇಳಿದ್ರ ಅವರು ಖಾಯಂ ಆಗ್ತಿದ್ರೇನ್ರಿ?”

“ಆಗ್ತಿದ್ದನವ್ವ.”

“ಮತ್ತ ಯಾಕ ಹೇಳ್ಲಿಲ್ಲ?”

“ಬಾಯಿಗಿ ಬರ್ಲಿಲ್ಲ, ತಂಗಿ.”

“ಹಂಗಾರ ಹುಡುಗ ಹ್ಯಾಂಗದಾನ ಅನ್ನೋದು ನೀವ ಹೇಳ್ರಿ. ನಿಮ್ಮ ಮಾತು ನಾ ನಂಬ್ತೀನಿ,” ಎಂದಳು.

ಊರಿಗೆಲ್ಲ ಆಟಗಾರರ ಗುಣದೋಷ ಹೇಳುತ್ತಿದ್ದ ದೌಲಪ್ಪ ಈ ಸಲ ಆಟದ ಮಾತೆತ್ತಲಿಲ್ಲ.

“ಭೋಂಗಾ ಕೂಗೋ ಮೊದಲ ಹೋಗಿ ನಿಲ್ತಾನ,” ಎಂದ. “ಕರೀಲಿಲ್ಲಂದ್ರ ತಿರಗಿ ಬರ್ತಾನ, ಬಂದು ನನ್ನ ಗೊನಿ ಕಟ್ತಾನ. ಮರುದಿನ ಮತ್ತ ಹೋಗಿ ನಿಲ್ತಾನ. ನಿನ್ನೆ ಎಲ್ಲಾ ಹೇಳ್ದೆ ಅವಗ, ನನ್ನ ಬಾಯಿಂದನ ನಿನ್ನ ಜಾಗಾ ಹೋತು ಅಂತ. ನನಗ ಒಂದ ಮಾತು ಅನ್ನಲಿಲ್ಲವ್ವ. ಉಂಡ್ರೇನು ಮಾವಾ ಅಂತ ಕೇಳ್ದ.”

ಭಾಗಮ್ಮ ತಂದೆಯ ಕಡೆ ತಿರುಗಿ, “ಅಪ್ಪಾ, ಕೊಟ್ಟ ಮಾತು ಮುರೀಬ್ಯಾಡ್ರಿ,” ಎಂದು ಒಳಗೆ ಹೋದಳು. ಗುರುಲಿಂಗಪ್ಪ ಮಗಳು ಹೋದ ಬಾಗಿಲನ್ನೇ ನೋಡುತ್ತ ಕೂತ. ಕಡೆಗೆ ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು, ಬಂದು ಕೂಡು ಎಂದು ದೌಲಪ್ಪನಿಗೆ ಕೈಮಾಡಿದ. ದೌಲಪ್ಪ ಕಟ್ಟೆ ಹತ್ತಲಿಲ್ಲ. ತುಂಬಿದ ತಂಬಿಗೆ ಹಿಡಿದು ಅಂಗಳದಲ್ಲೇ ನಿಂತು ಅತ್ತ.