ಕಡಲಿನಿಂದ ಮೂರನೇ ಮನೆ

ಬೆಳಕು ಈಗಷ್ಟೇ ಹರಿಯುತ್ತಿದೆ. ತೈಲ ಕಂಪನಿಯ ಗಾಜಿನ ಕಟ್ಟಡದೆದುರು ನೋಟಿಸಕ್ಕ ಆಗಲೇ ಹಾಜರು. ಮಾನವ ಹಕ್ಕುಗಳ ಆಯೋಗದ ನೋಟಿಸುಗಳನ್ನು ಖುದ್ದಾಗಿ ತಲುಪಿಸಿ ಸಹಿ ಪಡೆಯುವುದು ಇವರ ಕೆಲಸ. ಹೆಸರು ಹಿಡಿದು ಕರೆಯುವವರೇ ಇಲ್ಲ, ಈಚೆಗೆ ಗಂಡನಿಗೂ ಇವರು ನೋಟಿಸಕ್ಕನೇ.

"ಬೇಗ ಬರಬೇಕು. ಹೊತ್ತೇರಿದರೆ ಸಾಹೇಬರೆಲ್ಲ ಮೀಟಿಂಗಲ್ಲೇ ಹುಟ್ಟಿದವರ ಹಾಗೆ ಒಳಗೆ ಸೇರ್ಕೊಂಡುಬಿಡ್ತಾರೆ" ಎನ್ನುತ್ತಾ ಚೀಲದಿಂದ ಲಕೋಟೆ ತೆಗೆಯುತ್ತಾರೆ.

ಈ ಗೇಟಿನಿಂದ ಬರಿಗೈಲಿ ಮರಳಿದ್ದು ಎಷ್ಟು ಸಲವೋ. ಕಂಪನಿಗಳು ತೈಲ ತೆಗೆದು ಮಾರಿದ್ದರಿಂದಲೇ ಭೂಮಿ ಬಿಸಿಯೇರಿ ಕಡಲು ಉಕ್ಕುತ್ತಿದೆ ಎಂಬುದು ದಡದ ಜನರ ದೂರು. ಹವಾಮಾನದ ವಿಷಯದಲ್ಲಿ ನಮ್ಮನ್ನು ಕೇಳಲು ಆಯೋಗಕ್ಕೆ ಅಧಿಕಾರವೇ ಇಲ್ಲ ಎಂಬುದು ನ್ಯಾಯಾಲಯದಲ್ಲಿ ಕಂಪನಿಯ ವಾದ. ಅದು ಇತ್ಯರ್ಥವಾಗುವ ತನಕ ಕಾವಲುಗಾರನದು ಒಂದೇ ಮಾತಾಗಿತ್ತು: "ತಗೋಬಾರದು ಅಂತ ಆರ್ಡರ್ ಆಗಿದೆ ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ದೂರು ಕೊಟ್ಟವರಲ್ಲಿ ಒಬ್ಬರಾದ ಅಜ್ಜಿಗೂ ನೋಟಿಸ್ ಮುಟ್ಟಿಸಬೇಕಾದವರು ಇವರೇ. 'ಕಡಲಿನಿಂದ ಮೂರನೇ ಮನೆ' ಎಂದಿತ್ತು ವಿಳಾಸ. ನೀರಿನ ಕಡೆಯಿಂದ ಎಣಿಸಿ ಬಾಗಿಲು ತಟ್ಟಿದರೆ ಹೊರಬಂದವರು ಬೇರೆ ಯಾರೋ. ಅಜ್ಜಿ ಇದ್ದದ್ದು ಮೊದಲ ಮನೆಯಲ್ಲಿ. ಅದರ ಮುಂದಿದ್ದ ಎರಡೂ ಮನೆ ಕಡಲ ಪಾಲಾಗಿದ್ದವು.

"ನಾನೆಲ್ಲೂ ಹೋಗಿಲ್ಲ ಮಗಳೇ, ಕಡಲೇ ನನ್ನ ಹುಡುಕ್ಕೊಂಡು ಬಂತು" ಎಂದು ಅಜ್ಜಿ ನಕ್ಕಿದ್ದರಂತೆ. ಆಮೇಲೆ ಮೆಲ್ಲಗೆ, "ಆ ಕಂಪನಿಯವರನ್ನ ಕೇಳೋರು ಯಾರಾದ್ರೂ ಇದಾರಾ?" ಎಂದಿದ್ದರಂತೆ.

"ಇದಾರೆ ಅನ್ನೋಕೆ ಬಾಯಿ ಬರಲಿಲ್ಲ. ಗೇಟಲ್ಲಿ ನಿಂತವಳಿಗೆ ಗೊತ್ತಲ್ಲ" ಎನ್ನುವಾಗ ನೋಟಿಸಕ್ಕನ ದನಿ ಈಗಲೂ ತಗ್ಗುತ್ತದೆ.

ಕೊನೆಗೂ ನಿನ್ನೆ ನ್ಯಾಯಾಲಯದ ತೀರ್ಪು ಬಂದಿದೆ. ಶಿಕ್ಷೆ ವಿಧಿಸುವ ಅಧಿಕಾರ ಆಯೋಗಕ್ಕಿಲ್ಲ. ಆದರೆ ಕಂಪನಿಯನ್ನು ಕರೆದು ಕೇಳುವ, ತನಿಖೆ ನಡೆಸುವ ಅಧಿಕಾರ ಖಂಡಿತ ಇದೆ.

ಇಂದು ಕಾವಲುಗಾರ ತಾನಾಗಿ ಒಳಗೆ ಫೋನ್ ಮಾಡುತ್ತಾನೆ. ಅಧಿಕಾರಿಯೊಬ್ಬರು ಬಂದು, ಮುಖ ನೋಡದೆ ಸಹಿ ಹಾಕಿ ಹೋಗುತ್ತಾರೆ. ನೋಟಿಸಕ್ಕ ಸಹಿಯನ್ನು ಮತ್ತೆ ಮತ್ತೆ ನೋಡಿ, ಕಟ್ಟೆಯ ಮೇಲೆ ಧೊಪ್ಪನೆ ಕೂರುತ್ತಾರೆ.

"ಸದ್ಯ, ಇನ್ಮೇಲೆ ನಿಮ್ಮನ್ನ ವಾಪಸ್ ಕಳಿಸೋ ಪಾಪ ತಪ್ಪಿತು" ಎಂದು ಕಾವಲುಗಾರನೇ ನೀರಿನ ಬಾಟಲಿ ಚಾಚುತ್ತಾನೆ. ಅವನಿಗೂ ಹಾಯೆನಿಸಿದೆ.

ಮುಂದೆ ದಡದ ಬಸ್ಸು ಹಿಡಿಯಬೇಕು. ವಿಚಾರಣೆಯ ದಿನ ತಿಳಿಸುವ ಅಜ್ಜಿಯ ಲಕೋಟೆ ಚೀಲದಲ್ಲಿದೆ.

"ಕೇಳೋರಿದಾರೆ ಅಜ್ಜಿ ಅಂತ ಇವತ್ತು ಎದೆ ತಟ್ಟಿ ಹೇಳ್ತೀನಿ" ಎನ್ನುತ್ತಾ ನೋಟಿಸಕ್ಕ ಲಕೋಟೆಯನ್ನು ಹೊರತೆಗೆದು ತೋರಿಸುತ್ತಾರೆ. "ವಿಳಾಸಾನೂ ತಿದ್ದಿಸಿದೀನಿ, ಮೊದಲನೇ ಮನೆ ಅಂತ. ಮತ್ತೆ ತಿದ್ದೋ ಹಾಗೆ ಆಗದಿದ್ರೆ ಸಾಕು."