ಕುದುರೆ ಕಳ್ಳನ ಕಥೆಯ ಕೊನೆ

ಆ ಕಥೆಯ ಕೊನೆಯನ್ನು ನಾನು ಹೇಳಿದೆನೋ ಇಲ್ಲವೋ, ಖಾತ್ರಿಯಿಲ್ಲ. ಹೇಳಿದ ನೆನಪಿದೆ. ಆದರೆ ಇತಿಹಾಸ ಓದಿ, ಈಗ ಕುಷ್ಟಗಿಯ ಕಾಲೇಜೊಂದರಲ್ಲಿ ಅದನ್ನೇ ಕಲಿಸುವವನಿಗೆ ನೆನಪು ಎಂಥ ಸಡಿಲ ಸಾಕ್ಷಿ ಎಂಬುದು ಗೊತ್ತಿರಬೇಕು. ಇಷ್ಟು ವರ್ಷ ಬೇರೆಯವರ ನೆನಪುಗಳನ್ನೆಲ್ಲ ಅನುಮಾನಿಸಿದವನು ಈ ಒಂದು ವಿಷಯದಲ್ಲಿ ನನ್ನದನ್ನು ನಂಬಿಬಿಡಲು ಹವಣಿಸುತ್ತಿದ್ದೇನೆ. ಅದಕ್ಕೇ ಅದರ ಮೇಲೆ ನನಗೆ ಹೆಚ್ಚು ಅನುಮಾನ.

ಅಮೆರಿಕದ ಹಳೆಯ ಕಾಲದ ದರೋಡೆಕೋರರು, ಅವರ ಬೆನ್ನು ಹತ್ತಿದ ಷೆರಿಫರು, ಕೋರ್ಟಿಲ್ಲದ ಊರುಗಳಲ್ಲಿ ಜನರೇ ಮಾಡಿಕೊಂಡ ನ್ಯಾಯ, ಇಂಥ ಪುಸ್ತಕಗಳ ಹುಚ್ಚು ನನಗೆ ಧಾರವಾಡದಲ್ಲಿ ಓದುವಾಗಲೇ ಹಿಡಿದಿತ್ತು. ಮನೆಯಲ್ಲಿ ಒಂದು ಕಪಾಟಿನ ತುಂಬ ಅವೇ ಇವೆ. "ಊರಾಗಿನ ಕಳ್ಳರು ಸಾಲಲಿಲ್ಲ ಅಂತ ಅಮೆರಿಕಾದಿಂದ ತರಿಸ್ಯಾರ" ಎಂದು ಹೆಂಡತಿ ಬಂದವರಿಗೆಲ್ಲ ತೋರಿಸುತ್ತಾಳೆ.

ರವಿವಾರ ನಾನು ಯಲಬುರ್ಗಾ ಕಡೆಯ ನಮ್ಮ ಊರಿಗೆ ಹೋಗುತ್ತೇನೆ. ಅಲ್ಲಿ ಸೋದರಮಾವನ ಮಗನದೊಂದು ಮೋಟರ್ ರಿವೈಂಡಿಂಗ್ ಅಂಗಡಿಯಿದೆ. ಸುಟ್ಟ ಪಂಪ್‌ಸೆಟ್ಟುಗಳನ್ನು ಬಿಚ್ಚಿಟ್ಟುಕೊಂಡು ಅವನು ತಂತಿ ಸುತ್ತುತ್ತಿದ್ದರೆ, ಸುತ್ತ ಕೂತವರು ಮಾತಾಡುತ್ತಿರುತ್ತಾರೆ. ಕಳೆದ ವರ್ಷ ಹೊಲಗಳಲ್ಲಿ ಬೋರ್‌ವೆಲ್ಲಿನ ಕೇಬಲ್ ಕಳವು ಹೆಚ್ಚಾಗಿತ್ತು. ತಾಮ್ರಕ್ಕಾಗಿ ಕತ್ತರಿಸಿಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಅದೇ ಮಾತು. ಅಂಥ ಒಂದು ರವಿವಾರ ನಾನು ಆಗಷ್ಟೇ ಓದಿದ್ದ ಕಥೆಯನ್ನು ಶುರು ಮಾಡಿದೆ.

ಒಂದು ಊರು. ಕುದುರೆಯೊಂದು ಕಾಣೆಯಾಗಿದೆ. ಊರ ಹೊರಗೆ ಅಪರಿಚಿತನೊಬ್ಬ ಸಿಕ್ಕಿದ್ದಾನೆ, ಕೈಯಲ್ಲಿ ಹಗ್ಗ.

"ಕೋರ್ಟಿಗೆ ಒಯ್ಯಲಿಲ್ಲೇನ್ರಿ ಸರ?" ಎಂದು ಒಬ್ಬ ಹುಡುಗ ಕೇಳಿದ.

"ಕೋರ್ಟ್ ಭಾಳ ದೂರ ಇತ್ತು."

"ನಮ್ಮದೂ ಅಷ್ಟ ತಗೋರಿ. ಕೋರ್ಟ್ ಹತ್ರ ಐತಿ, ತಾರೀಖು ದೂರ."

ಎಲ್ಲರೂ ನಕ್ಕರು. ನನಗೂ ಹುರುಪು ಬಂತು. ಊರವರು ಗುಂಪು ಕಟ್ಟಿ ಅವನನ್ನು ಮರಕ್ಕೆ ನೇತುಹಾಕಿದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದೆ. ನಡುವೆ ಯಾರೋ ಔಟ್‌ಲಾ ಅಂದರೇನು ಎಂದು ಕೇಳಿದರು. ಇಂಗ್ಲೆಂಡಿನ ಹಳೆಯ ಪದ್ಧತಿ ಎಂದೆ. ಕರೆದರೂ ಕೋರ್ಟಿಗೆ ಬಾರದವನನ್ನು ಕಾನೂನಿನಿಂದ ಹೊರಗೆ ಹಾಕುತ್ತಿದ್ದರು, ಆಮೇಲೆ ಅವನ ಮೇಲೆ ಯಾರು ಕೈ ಮಾಡಿದರೂ ಕೇಳುವವರಿರಲಿಲ್ಲ, ಅಮೆರಿಕದವರು ಆ ಪದವನ್ನು ಇನ್ನಷ್ಟು ಸಡಿಲವಾಗಿ ಬಳಸಿದರು, ಹೀಗೆ ಪಾಠದ ಧಾಟಿಯಲ್ಲಿ ಹೊರಟಿದ್ದೆ. ಮಾವನ ಮಗ ತಂತಿಯಿಂದ ತಲೆ ಎತ್ತದೆ ಹೇಳಿದ: "ಅಷ್ಟುದ್ದ ಯಾಕ ಅಳಿಯಾ? ಬೇವಾರಸಿ ಅನ್ನು, ಮುಗೀತು."

"ಬರೋಬ್ಬರಿ ಹೇಳಿದಿ ನೋಡು ಮಾಮಾ!" ಎಂದೆ. ಇದು ಮಾತ್ರ ನಾನು ಹೇಳಿದ್ದು ಹೌದು. ಅಲ್ಲಿದ್ದವರೆಲ್ಲ ಅದನ್ನು ಒಪ್ಪುತ್ತಾರೆ.

ಬರೋಬ್ಬರಿ ಆಗಿರಲಿಲ್ಲ. ಔಟ್‌ಲಾ ಆಗಬೇಕಾದರೆ ಮನುಷ್ಯನ ಮೇಲೊಂದು ಆರೋಪ ಇರಬೇಕು, ಕೋರ್ಟು ಕರೆದಿರಬೇಕು, ಅವನು ಬಂದಿರಬಾರದು. ಬೇವಾರಸಿಯಾಗಲು ಗುರುತಿನವರು ಹತ್ತಿರದಲ್ಲಿ ಇಲ್ಲದಿದ್ದರೆ ಸಾಕು. ನಿಜಾಮರ ಕಾಲದಿಂದ ಬಾಯಲ್ಲಿ ಉಳಿದ ಈ ಪದ ನಮ್ಮಲ್ಲಿ ಹಗ್ಗವಿಲ್ಲದ ದನಕ್ಕೂ ಸಲ್ಲುತ್ತದೆ, ಯಾರ ಪೈಕಿ ಎಂದು ಹೇಳಲು ಬಾರದ ಮನುಷ್ಯನಿಗೂ ಸಲ್ಲುತ್ತದೆ. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ನಗು ಬರುತ್ತಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಪುಸ್ತಕದಲ್ಲಿ ಆ ಕಥೆಗೆ ಒಂದು ಕೊನೆಯಿದೆ. ನೇಣು ಹಾಕಿದ ಮೇಲೆ ಕುದುರೆ ತಾನಾಗಿ ಮನೆಗೆ ಮರಳುತ್ತದೆ. ಅದನ್ನು ಯಾರೂ ಕದ್ದಿರಲಿಲ್ಲ.

ಕೆಲವು ವಾರಗಳ ನಂತರ ಮಾವನ ಮಗ ಫೋನ್ ಮಾಡಿದ. "ಅಳಿಯಾ, ನಿನ್ನ ಬೇವಾರಸಿ ಸಿಕ್ಕಿದ್ದ ನೋಡು ಇವತ್ತ."

ಮಧ್ಯಾಹ್ನ ಹೊಲದ ದಾರಿಯಲ್ಲಿ ಒಬ್ಬ ಸಿಕ್ಕಿದ್ದನಂತೆ. ಚೀಲದಲ್ಲಿ ಕಟಿಂಗ್ ಪ್ಲೇಯರ್, ಕೇಬಲ್ಲಿನ ತುಂಡು. ಗಂಗಾವತಿ ತಾಲೂಕಿನಲ್ಲಿ ಆಂಧ್ರದಿಂದ ಬಂದವರು ನೆಲೆಸಿದ ಶ್ರೀರಾಮನಗರದವನು, ಬೋರ್‌ವೆಲ್ಲಿನಿಂದ ಮೋಟರ್ ಎತ್ತುವ ಕೆಲಸದವನು. ಒಬ್ಬ ರೈತ ಕರೆಸಿದ್ದ. ಆ ರೈತ ಕುಷ್ಟಗಿ ಸಂತೆಗೆ ಹೋಗಿದ್ದ, ಅವನ ಫೋನ್ ಬಂದ್ ಆಗಿತ್ತು. "ಯಾರ ಪೈಕಿಲೇ ನೀನು?" ಎಂದರೆ ಹೇಳಲು ಆ ಊರಲ್ಲಿ ಅವನಿಗೆ ಯಾರೂ ಇರಲಿಲ್ಲ. ಗಾಬರಿಯಲ್ಲಿ ತೆಲುಗು ಬಂದಿದೆ. ಬನ್ನಿ, ಆ ರೈತನ ಮನೆಗೆ ಬಂದು ಕೇಳಿ ಎಂದು ಕರೆದಿದ್ದಾನೆ. ತೆಲುಗಿನಲ್ಲಿ "ಬನ್ನಿ" ಎನ್ನಲು "ರಂಡಿ" ಎನ್ನುತ್ತಾರೆ, ನಮ್ಮ ಕಡೆ ಅದು ಹೆಂಗಸರನ್ನು ಬೈಯುವ ಹೊಲಸು ಪದ. ಏಟು ಬಿದ್ದವು. ಕಂಬಕ್ಕೆ ಕಟ್ಟಿದರು. ಸಂಜೆ ಆ ರೈತ ಓಡಿಬಂದು, "ಅವನ್ನ ನಾನ ಕರಿಸೀನ್ರಲೇ" ಎಂದು ಬಿಚ್ಚಿಸಿ ಚಹಾ ಕುಡಿಸಿ ಕಳಿಸಿದನಂತೆ.

ಆ ತೆಲುಗು ಪದದ ಸಂಗತಿ ಕೇಳಿ ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಕಾರಣ ನನ್ನ ಕಥೆಯಲ್ಲ, ಭಾಷೆ ಎಂದುಕೊಂಡು ಎರಡು ದಿನ ನಿದ್ದೆ ಮಾಡಿದೆ. ಮುಂದಿನ ರವಿವಾರ ಅಂಗಡಿಯಲ್ಲಿ ಒಬ್ಬ ಹುಡುಗ ನನ್ನನ್ನು ನೋಡಿ, ಮೆಚ್ಚಿಸಲೆಂದೇ ಹೇಳಿದ: "ಪೊಲೀಸರಿಗೆ ಫೋನ್ ಮಾಡೂಣು ಅಂದ್ರು ಒಬ್ಬರು. ನಾ ಅಂದೆ, ಬೇವಾರಸಿಗೆ ಯಾವ ಪೊಲೀಸ್ರಿ, ಸರ ಹೇಳ್ಯಾರಲ್ಲ."

"ಕುದುರಿ ವಾಪಸ್ ಬಂತು ಅಂತ ಹೇಳಿದ್ನಲ್ಲೋ?" ಎಂದೆ.

"ಹೌದ್ರಿ ಸರ, ಹೇಳಿದ್ರಿ." ನಾನು ಏನು ಕೇಳಿದರೂ ಹೌದ್ರಿ ಸರ ಎನ್ನುವವನು ಅವನು.

ಮಾವನ ಮಗ ಅಡ್ಡ ಬಂದ. "ಯಾವ ಕುದುರಿ ಬಂತು? ಬಸ್ ಬಂತು. ನೇಣು ಹಾಕಿದ್ರು ಅಂದಿ, ಚೀಲ ತಗೊಂಡು ಓಡಿದಿ."

ನನ್ನ ನೆನಪಿನಲ್ಲಿ ನಾನು ಕುದುರೆ ಮರಳಿದ್ದನ್ನು ಹೇಳುತ್ತೇನೆ, ಎಲ್ಲರೂ ನಗುತ್ತಾರೆ. ಎಷ್ಟೋ ಸಲ ತಿರುವಿ ನೋಡಿದ್ದೇನೆ, ಆ ನಗು ಇದ್ದೇ ಇರುತ್ತದೆ. ಅಂಥ ಕೊನೆಗೆ ಯಾರು ನಗುತ್ತಾರೆ? ಬೇರೆ ಮಾತಿಗೆ ನಕ್ಕ ನಗುವನ್ನು ತಂದು ಇಲ್ಲಿ ಜೋಡಿಸಿಕೊಂಡಿದ್ದೇನೆಯೇ?

ಆಮೇಲೆ ಮತ್ತೊಂದು ಸುದ್ದಿ ಬಂತು. ಏಟು ಬಿದ್ದು ಆ ಮನುಷ್ಯನ ಎಡಗಿವಿ ಕೇಳದಂತಾಗಿದೆ ಎಂದು. "ಜನ ಒಂದಕ್ಕ ನಾಕು ಹೇಳ್ತಾರ ಬಿಡು" ಎಂದ ಮಾವನ ಮಗ. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡು ಸುಮ್ಮನಿರಲಾಗದೆ ಒಂದು ರಜೆಯ ದಿನ ಗಂಗಾವತಿಯಲ್ಲಿ ಬಸ್ಸು ಬದಲಿಸಿ ಶ್ರೀರಾಮನಗರಕ್ಕೆ ಹೋದೆ. ಕ್ಷಮೆ ಕೇಳಲು ಹೋದೆನೋ, ಕಿವಿ ನೋಡಲು ಹೋದೆನೋ, ಅದೂ ಸರಿಯಾಗಿ ಗೊತ್ತಿಲ್ಲ.

ಅವರು ಮನೆಯ ಮುಂದೆ ಕೂತು ಮೋಟರ್ ಎತ್ತುವ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಒಂದು ಮೋಟರ್ ಎತ್ತಿಸಬೇಕಿತ್ತು ಎಂದು ಸುಳ್ಳು ಹೇಳಿದೆ.

"ಯಾವ ಕಡೆ ಸಾರ್?"

"ಕುಷ್ಟಗಿ ಕಡೆ."

"ಕುಷ್ಟಗಿ ಆದ್ರೆ ಬರ್ತೀನಿ. ಯಲಬುರ್ಗಾ ಕಡೆ ಮಾತ್ರ ಕರೀಬೇಡಿ ಸಾರ್. ಅಲ್ಲಿ ಮೋಟರ್ ಎತ್ತೋಕೆ ಹೋದ್ರೆ ನಮ್ಮನ್ನೇ ಎತ್ತಿ ಕಟ್ತಾರೆ." ಅವರೇ ನಕ್ಕರು. ನಾನೂ ನಕ್ಕೆ.

ಅವರು ಮತ್ತೆ ಚೈನಿಗೆ ಬಗ್ಗಿದರು. ನಾನು ಎದ್ದು ಅವರ ಎಡಕ್ಕೆ ಹೋಗಿ ನಿಂತೆ. ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದೆ: "ನಿಮ್ಮನ್ನ ಕಟ್ಟಿಹಾಕಿದ ಹುಡುಗರಿಗೆ ಕಥಿ ಹೇಳಿದಾಂವ ನಾನ್ರಿ. ತಪ್ಪಾತು."

ಅವರು ಒಂದೊಂದೇ ಕೊಂಡಿಗೆ ಎಣ್ಣೆ ಬಿಡುತ್ತಲೇ ಇದ್ದರು. ಇನ್ನೊಮ್ಮೆ ಹೇಳಿದೆ. ನಂತರ ಬಲಕ್ಕೆ ಬಂದು, ಅದೇ ದನಿಯಲ್ಲಿ, "ಬರ್ತೀನ್ರಿ" ಎಂದೆ. ಅವರು ಕೂಡಲೇ ತಲೆ ಎತ್ತಿದರು. "ಆಯ್ತು ಸಾರ್, ಫೋನ್ ಮಾಡಿ."

ಅವರಿಗೆ ಎಡಗಿವಿ ಕೇಳುವುದಿಲ್ಲ ಎಂಬುದು ನಿಜ. ನಾನೇ ನೋಡಿ ಬಂದಿದ್ದೇನೆ.