ಮೊದಲ ಹಾಲುಹಲ್ಲು ಬಿದ್ದಾಗ ಬಂದವಳು

ಚಂದನಾ, ನಿನ್ನ ಮೊದಲ ಹಾಲುಹಲ್ಲು ಬಿದ್ದಾಗ ನಿನ್ನಮ್ಮ ಬಂದಿದ್ದಳು. ಬರಲಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಹದಿನೈದು ವರ್ಷ ಆ ಸುಳ್ಳನ್ನು ಸಾಕಿದೆ — ರೇಷ್ಮೆ ಹುಳವನ್ನೂ ಅಷ್ಟು ಜತನದಿಂದ ಸಾಕಿದವನಲ್ಲ ನಾನು.

ನಿನಗಾಗ ಆರು ತುಂಬಿತ್ತು. ನಿನ್ನಮ್ಮ ರತ್ನ ನನ್ನೊಡನೆ ಜಗಳವಾಡಿ ಸಾದಲಿಯಿಂದ ಚಿಂತಾಮಣಿಯ ತವರಿಗೆ ಹೋಗಿ ಮೂರು ತಿಂಗಳಾಗಿತ್ತು. ನಿನ್ನನ್ನು ಜೊತೆಗೆ ಕಳಿಸಲು ನಾನು ಒಪ್ಪಿರಲಿಲ್ಲ. ಒಂದು ಸಂಜೆ ನೀನು ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಓಡಿಬಂದೆ. ತುಟಿಯಲ್ಲಿ ರಕ್ತ.

"ಯಾಕಪ್ಪಾ ಬಿತ್ತು?"

"ಹುಳ ದಪ್ಪ ಆದಾಗ ಹಳೇ ಚರ್ಮ ಸಾಲ್ದೆ ಕಳಚ್ತಾವಲ್ಲ, ಹಂಗೇ ಕಣಮ್ಮ. ನಿನ್ನ ದವಡೆ ದೊಡ್ಡದಾಗ್ತೈತೆ. ಕೆಳಗಿಂದ ಹೊಸ ಹಲ್ಲು ಬರ್ತಾ ಬರ್ತಾ ಹಳೇದರ ಬೇರು ಕರಗೋಗ್ತದೆ."

ಹುಳದ ವಿಷಯ, ಹಲ್ಲಿನ ವಿಷಯ ಎಲ್ಲ ಗೊತ್ತಿತ್ತು ನನಗೆ. ಮಗುವಿಗೆ ತಾಯಿ ಬೇಕು ಅನ್ನುವುದು ಮಾತ್ರ —

ನಮ್ಮ ಮನೆಯಲ್ಲಿ ಮೊದಲ ಹಲ್ಲನ್ನು ತಾಯಿಯೇ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು ಪದ್ಧತಿ. ನೀನು ನನ್ನ ಮೊಬೈಲ್ ಕಸಿದುಕೊಂಡು ಕರೆದೆ: "ಅಮ್ಮಾ, ಹಲ್ಲು ಬಿತ್ತು. ಎಸೆಯೋಕೆ ಬಾ."

ಮರುದಿನ ಮೊದಲ ಬಸ್ಸಿಗೇ ಬಂದಳು. ಅವಳು ಬಂದು ಮುಟ್ಟುವಷ್ಟರಲ್ಲಿ ನೀನು ಸ್ಕೂಲಿಗೆ ಹೋಗಿದ್ದೆ. ಮನೆಯೊಳಗೆ ಹುಳಗಳು ಗೂಡು ಕಟ್ಟುವ ಮುಂಚಿನ ಕೊನೆಯ ಮೇವು ತಿನ್ನುತ್ತಿದ್ದವು. ಆ ದಿನಗಳಲ್ಲಿ ರೋಗ ತಗುಲೀತೆಂದು ನಾವು ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಸೇಡಿಗೆ ಕಾಯುತ್ತಿದ್ದವನಿಗೆ ಅಷ್ಟು ನೆಪ ಸಾಕಾಯಿತು.

"ಹುಳದ ಮನೆ. ಹೊರಗಿನೋರು ಬರಂಗಿಲ್ಲ" ಎಂದೆ.

ಹೊರಗಿನೋರು! ಎಂಟು ವರ್ಷ ಆ ಹುಳದ ತಟ್ಟೆಗಳನ್ನು ತೊಳೆದ ಕೈ ಅವಳದು. "ಸಂಜೆಗಂಟ ಜಗಲಿ ಮೇಲೇ ಕೂತಿರ್ತೀನಿ ಕಣ್ರೀ. ಒಂದ್ಸಲ ಮಗೀನ ನೋಡ್ಕೊಂಡು ಹೋಗ್ತೀನಿ" ಎಂದಳು. ಇನ್ನೊಮ್ಮೆ ಈ ಬಾಗಿಲಿಗೆ ಬಂದರೆ ಮಗುವನ್ನು ಎಲ್ಲಾದರೂ ದೂರದ ಹಾಸ್ಟೆಲ್ಲಿಗೆ ಹಾಕುತ್ತೇನೆ, ಹುಡುಕಿಕೋ ಎಂದೆ. ಹೆದರಿಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ಮೊಬೈಲ್ ನಂಬರನ್ನೂ ಬದಲಾಯಿಸಿದೆ.

ಸಂಜೆ ನೀನು ಬ್ಯಾಗನ್ನೂ ಇಳಿಸದೆ ಕೇಳಿದೆ. "ಬರ್ಲಿಲ್ಲ ಕಣಮ್ಮ" ಎಂದೆ. ನೀನು ಅಳಲಿಲ್ಲ. ಸಗಣಿ ಉಂಡೆಯನ್ನು ನೀನೇ ಎಸೆದೆ. ಮಾಡು ಎಟುಕದೆ ಅದು ಎರಡು ಸಲ ನಿನ್ನ ಕಾಲ ಬುಡಕ್ಕೇ ಬಿತ್ತು. ಆಮೇಲೆ ಬಿದ್ದ ಹಲ್ಲುಗಳಲ್ಲಿ ಒಂದನ್ನೂ ನೀನು ನನಗೆ ತೋರಿಸಲಿಲ್ಲ.

ಹೋದ ತಿಂಗಳು ಅವಳು ತೀರಿಕೊಂಡ ಸುದ್ದಿ ಬಂತು. ಹೋಗಿ ಬಾ ಎಂದೆ. "ಕರೆದಾಗ ಬರದಿದ್ದ ಹೆಂಗ್ಸಿಗೂ ನನಗೂ ಏನಪ್ಪಾ?" ಎಂದೆ ನೀನು. ಮಣ್ಣು ಮಾಡಲು ಇನ್ನೂ ಹೊತ್ತಿತ್ತು. ಚಿಂತಾಮಣಿಯೇನು ದೂರವೇ? ನಾನು ಒಂದು ಮಾತು ಆಡಿದ್ದರೆ ನೀನು ಅವಳ ಮುಖವನ್ನಾದರೂ ನೋಡುತ್ತಿದ್ದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡು ಕೂತೆ. ಹದಿನೈದು ವರ್ಷದ ಹಿಂದಿನದು ಸಿಟ್ಟು ಎನ್ನಬಹುದು — ಇದಕ್ಕೆ ಏನೆನ್ನಲಿ?

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಇದನ್ನು ಓದಿದ ಮೇಲೆ ನೀನು ನನ್ನನ್ನು ಅಪ್ಪ ಎನ್ನದಿದ್ದರೂ ಸರಿ. ಅವಳನ್ನು ಒಂದು ಸಲ ಅಮ್ಮ ಅನ್ನು.